ಐದು ಸುತ್ತು ಕಮ್ಮಿ

ಸುಟ್ಟ ಮೋಟರು ಅಂಗಡಿಗೆ ಬಂದರೆ ಗೋರಖನಾಥ ಮೊದಲು ಅದನ್ನು ಮೂಸಿ ನೋಡುತ್ತಾನೆ. ಆಮೇಲೆ ಬ್ಯಾಟರಿ ಹಿಡಿದು ಒಳಗೆ ಇಣುಕುತ್ತಾನೆ. ಆಮೇಲೆ ತಂತಿಯ ಸುತ್ತು ಎಣಿಸುತ್ತಾನೆ. ಇಪ್ಪತ್ತೆರಡು ವರ್ಷಗಳಿಂದ ಈ ಕ್ರಮ ಬದಲಾಗಿಲ್ಲ.

ಭಾಲ್ಕಿಯ ಸ್ಟೇಷನ್ ರಸ್ತೆಗೆ ಮುಖ ಮಾಡಿದ ಅವನ ಅಂಗಡಿ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಒಂದು ಕಪ್ಪು ಹಲಗೆ. ಯಾವ ಮೋಟರಿಗೆ ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂದು ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತದೆ. ಬೋರವೆಲ್ಲಿನೊಳಗೆ ಇಳಿಬಿಡುವ ಮೋಟರು ಸುಟ್ಟರೆ ಅದರ ಕರಕಾದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಬೀದರಿನ ಐಟಿಐಯಲ್ಲಿ ಕಲಿತು, ಪುಣೆಯ ಹತ್ತಿರದ ಭೋಸರಿಯ ಕಾರಖಾನೆಯಲ್ಲಿ ಎರಡು ವರ್ಷ ದುಡಿದು, ಒಂದೇ ಥರದ ಮೋಟರನ್ನು ದಿನಕ್ಕೆ ಮೂವತ್ತು ಸಲ ಸುತ್ತಿ ಬೇಸತ್ತು ಊರಿಗೆ ಮರಳಿದವನು. ಇಲ್ಲಿ ದಿನಕ್ಕೊಂದು ಮೋಟರು, ಒಂದರಂತೆ ಇನ್ನೊಂದಿಲ್ಲ. ಅವನಿಗೆ ಅದೇ ಬೇಕಿತ್ತು.

ಈ ಕೆಲಸ ಒಬ್ಬನೇ ಕೂತು ಮಾಡುವಂಥದ್ದು. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬಂದವರು ಬಾಗಿಲಲ್ಲೇ ನಿಂತು ಕೈಸನ್ನೆ ಮಾಡಿ ಹೋಗುವುದನ್ನು ರೂಢಿಸಿಕೊಂಡಿದ್ದರು. ಹೆಂಡತಿ ಗಿರಿಜಾಬಾಯಿ ಬೀದರಿನ ನೌಬಾದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಯವಳು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾಳೆ. ಮಕ್ಕಳಿಲ್ಲ. ಹೀಗಾಗಿ ವಾರದ ಐದು ದಿನ ಗೋರಖನಾಥನ ಮಾತುಕತೆಯೆಲ್ಲ ಒಂದು ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿತ್ತು.

ಆ ಗ್ರೂಪನ್ನು ೨೦೧೫ರಲ್ಲಿ ಕಟ್ಟಿದವನು ನೌಬಾದದ ನರಸಿಂಗ. ಬೀದರ, ಭಾಲ್ಕಿ, ಔರಾದಗಳ ಹನ್ನೊಂದು ಮಂದಿ ಮೋಟರ್ ಮಿಸ್ತ್ರಿಗಳು ಅದರಲ್ಲಿದ್ದರು. ಹನ್ನೊಂದೂ ಮಂದಿ ಒಬ್ಬರ ಅಂಗಡಿಯಲ್ಲಿ ಒಬ್ಬರು ಕೂತು ಚಹಾ ಕುಡಿದವರು. ಬರೆಯುವುದು ಕಡಿಮೆ, ಎಲ್ಲ ದನಿಯ ಸಂದೇಶಗಳು. ಬೆಳಿಗ್ಗೆ ಹತ್ತಕ್ಕೆ ಕೇಳಿದ ಪ್ರಶ್ನೆಗೆ ಸಂಜೆ ಏಳಕ್ಕೆ ಉತ್ತರ ಬರುತ್ತಿತ್ತು, ಏಕೆಂದರೆ ಹಗಲು ಎಲ್ಲರ ಕೈಗೂ ವಾರ್ನಿಶ್ ಅಂಟಿರುತ್ತಿತ್ತು. ಆ ತಡ ಯಾರಿಗೂ ತಡ ಅನ್ನಿಸುತ್ತಿರಲಿಲ್ಲ. ಉತ್ತರ ಬಂದೇ ಬರುತ್ತದೆ ಎಂದು ಗೊತ್ತಿತ್ತು.

ಅಲ್ಲಿ ಯಾರೂ ಬರೆದಿಡದ ಒಂದು ನಡವಳಿಕೆ ಇತ್ತು. ಒಬ್ಬ ಮಿಸ್ತ್ರಿ ಸುತ್ತಿದ ಮೋಟರು ಸುಟ್ಟು ಇನ್ನೊಬ್ಬನ ಕೈಗೆ ಬಂದರೆ, ತಂತಿ ಕತ್ತರಿಸುವ ಮುನ್ನ ಮೊದಲಿನವನಿಗೆ ಫೋನು ಮಾಡಬೇಕು. ಯಾರು ಸುತ್ತಿದ್ದೆಂದು ತಿಳಿಯುವುದು ಕಷ್ಟವಲ್ಲ. ಸುತ್ತಿದ ತಂತಿಯನ್ನು ದಾರದಿಂದ ಬಿಗಿಯುವಾಗ ಒಬ್ಬೊಬ್ಬರದು ಒಂದೊಂದು ಕೈ. ಔರಾದದ ಗೌಸೋದ್ದೀನ ಮಿಸ್ತ್ರಿ ಹಸಿರು ದಾರ ಹಾಕಿ ಪ್ರತಿ ಮೂರನೆಯ ಹೊಲಿಗೆಗೆ ಜೋಡಿ ಗಂಟು ಹಾಕುತ್ತಿದ್ದರು. ಆ ಗಂಟು ನೋಡಿದರೆ ಸಾಕು, ಗಿರಾಕಿಯನ್ನು ಕೇಳಬೇಕಾಗಿಯೇ ಇರಲಿಲ್ಲ.

ಅರವತ್ತು ದಾಟಿದ ಗೌಸೋದ್ದೀನ ಆ ಗ್ರೂಪಿನ ಹಿರಿಯರು. ಅವರ ಸಂದೇಶ ಯಾವಾಗಲೂ ಒಂದೇ ರೀತಿ ಶುರುವಾಗುತ್ತಿತ್ತು. ಮೊದಲು ಒಂದು ಕೆಮ್ಮು, ಹಿಂದೆ ಫ್ಯಾನಿನ ಸದ್ದು, ಆಮೇಲೆ, “ಸಲಾಮ್, ಜೈ ಭೀಮ್, ಶರಣು, ಯಾರ‍್ಯಾರಿಗೆ ಏನ ಬೇಕೋ ತಗೋರಿ. ಪಂಢರಿ, ನೀ ಕೇಳಿದ್ದು ನೋಡೀನಿ. ಮೊದಲ ಹೇಳು, ಯಾವ ಊರಿನ ಮೋಟರ್ ಅದು?”

“ಊರು ತಗೊಂಡು ಏನ್ ಮಾಡ್ತೀರಿ ಭಾಯಿ, ಸುತ್ತು ಹೇಳ್ರಿ,” ಎಂದು ಪಂಢರಿ ಛೇಡಿಸುತ್ತಿದ್ದ. ಅವನದು ಭಾಲ್ಕಿಯ ಗಂಜ್ ಮಾರುಕಟ್ಟೆಯ ಹತ್ತಿರದ ಅಂಗಡಿ.

“ಹೆಣ್ಣ ನೋಡ್ಲಿಕ್ಕ ಹೋಗುಮುಂದ ಊರ ಕೇಳಂಗಿಲ್ಲೇನ್ ನೀ?”

ಎಲ್ಲರೂ ನಗುವ ಸದ್ದು ಒಂದೊಂದಾಗಿ ಬರುತ್ತಿತ್ತು. ಗೋರಖನಾಥ ಒಬ್ಬನೇ ರೊಟ್ಟಿ ತಿನ್ನುತ್ತ ಆ ನಗುಗಳನ್ನು ಎರಡೆರಡು ಸಲ ಕೇಳುತ್ತಿದ್ದ. ಇಂಥವನ ನಗು ಇಂಥದ್ದು ಎಂದು ಗುರುತು ಹಿಡಿಯುತ್ತಿದ್ದ. ಯಾರದಾದರೂ ಬಾರದೆ ಇದ್ದರೆ ಮರುದಿನ ಫೋನು ಮಾಡಿ, “ಯಾಕ, ಮೈಯಾಗ ಆರಾಮ ಇಲ್ಲೇನು?” ಎಂದು ಕೇಳುತ್ತಿದ್ದ.

೨೦೧೮ರ ಮುಂಗಾರು ಜುಲೈಯಲ್ಲಿ ನಾಲ್ಕು ದಿನ ಬಂದು ಹೋಯಿತು. ಹಿಂಗಾರು ಬರಲೇ ಇಲ್ಲ. ಬೋರುಗಳ ನೀರು ಇಳಿಯುವಾಗ ಮಿಸ್ತ್ರಿಗಳಿಗೆ ಕೈತುಂಬ ಕೆಲಸ; ನೀರಿಲ್ಲದೆ ತಿರುಗಿದ ಮೋಟರುಗಳು ಸಾಲಾಗಿ ಸುಡುತ್ತವೆ. ಆದರೆ ನೀರು ಪೂರ್ತಿ ಹೋದ ಮೇಲೆ ಯಾರೂ ಮೋಟರು ತರುವುದಿಲ್ಲ. ಬತ್ತಿದ ಬೋರಿಗೆ ರಿಪೇರಿ ಯಾಕೆ? ದೀಪಾವಳಿ ಕಳೆಯುವಷ್ಟರಲ್ಲಿ ಕೆಲಸ ನಿಂತಿತು. ಪಂಢರಿ ಮೊದಲು ಹೋದ, ಭೋಸರಿಗೆ. ಆಮೇಲೆ ಇಬ್ಬರು ಹೈದರಾಬಾದಿಗೆ, ಒಬ್ಬ ಸೋಲಾಪುರಕ್ಕೆ. ಗ್ರೂಪಿನಿಂದ ಯಾರೂ ಹೊರಗೆ ಹೋಗಲಿಲ್ಲ, ಆದರೆ ಕಾರಖಾನೆಗೆ ಸೇರಿದವನಿಗೆ ಕೇಳಲು ಏನೂ ಇರುವುದಿಲ್ಲ. ಅಲ್ಲಿ ಎಷ್ಟು ಸುತ್ತು ಎಂದು ಮಿಶನ್ನಿಗೇ ಗೊತ್ತಿರುತ್ತದೆ. ಫೆಬ್ರುವರಿಯ ಹೊತ್ತಿಗೆ ಸಂಜೆ ಏಳು ಗಂಟೆ ಎಂಬುದು ಬರೀ ಏಳು ಗಂಟೆಯಾಯಿತು.

ಆಗಲೇ ಗೋರಖನಾಥ ಫೇಸ್‌ಬುಕ್ಕಿನಲ್ಲಿ ಇನ್ನೊಂದು ಗ್ರೂಪು ಕಂಡುಕೊಂಡ. ಇಡೀ ದೇಶದ ಮೋಟರ್ ಮಿಸ್ತ್ರಿಗಳದು. ಅರವತ್ತೆರಡು ಸಾವಿರ ಸದಸ್ಯರು. ಹಿಂದಿ, ತೆಲುಗು, ಮರಾಠಿ, ಗುಜರಾತಿ, ಎಲ್ಲ ಕಲಸಿದ ಬರವಣಿಗೆ. ಅವನು ಸೇರಿದ ಮೊದಲ ವಾರ ಬರೀ ನೋಡಿದ. ಅವನ ಸ್ವಭಾವಕ್ಕೆ ತಕ್ಕಂತೆ ನೋಡಿದ್ದನ್ನು ಮನಸ್ಸಿನಲ್ಲೇ ವಿಂಗಡಿಸಿದ. ಪ್ರಶ್ನೆ ಹಾಕಿದ ಎರಡು ನಿಮಿಷದೊಳಗೆ ಉತ್ತರ ಬರುತ್ತದೆ. ಒಂದಲ್ಲ, ಇಪ್ಪತ್ತು. ಇಪ್ಪತ್ತರಲ್ಲಿ ಆರು ಸರಿ ಇರುತ್ತವೆ, ಆದರೆ ಯಾವ ಆರು ಎಂದು ತಿಳಿಯಬೇಕಾದರೆ ಕೇಳುವವನಿಗೆ ಮೊದಲೇ ಉತ್ತರ ಗೊತ್ತಿರಬೇಕು. ಯಾರೂ ಯಾರಿಗೂ ತಿರುಗಿ ಪ್ರಶ್ನೆ ಕೇಳುವುದಿಲ್ಲ. ತಪ್ಪು ಹೇಳಿದವನನ್ನು ತಿದ್ದುವವನು ಅವನ ಕಡೆ ತಿರುಗಿ ಮಾತಾಡುವುದಿಲ್ಲ, ನೋಡುತ್ತ ನಿಂತವರ ಕಡೆ ತಿರುಗಿ ಮಾತಾಡುತ್ತಾನೆ. ಮತ್ತು ಅಲ್ಲಿ ಅತಿ ಹೆಚ್ಚು ಓಡುವುದು ಯಾರೋ ಕೆಡಿಸಿದ ಕೆಲಸದ ಫೋಟೊ.

ಇಷ್ಟೆಲ್ಲ ತಿಳಿದೂ ಅವನು ಅಲ್ಲಿಂದ ಏಳಲಿಲ್ಲ. ಯಾಕೆಂದರೆ ಒಂದು ದಿನ ರಾಜಸ್ಥಾನದ ಯಾರೋ ಕೇಳಿದ ಪ್ರಶ್ನೆಗೆ ಅವನು ಲೆಕ್ಕ ಸಮೇತ ಉತ್ತರ ಬರೆದ. ಸಂಜೆಯೊಳಗೆ ಇನ್ನೂರ ಹನ್ನೊಂದು ಹೆಬ್ಬೆರಳು ಬಂದವು. “ಗುರೂಜಿ” ಎಂದು ಒಬ್ಬ ಬರೆದ. ಹಿಂದಿನ ಒಂಬತ್ತು ದಿನಗಳಲ್ಲಿ ಅವನ ಹೆಸರು ಹಿಡಿದು ಕರೆದವರು ಹಾಲಿನವನು ಮತ್ತು ಗಿರಿಜಾಬಾಯಿ, ಇಬ್ಬರೇ.

ಶನಿವಾರ ಅವನು ಅದನ್ನು ಹೆಂಡತಿಗೆ ತೋರಿಸಿದ. ಅವಳು ಕನ್ನಡಕ ಏರಿಸಿ ನೋಡಿದಳು.

“ಇವರೆಲ್ಲ ಯಾರು?”

“ಮಿಸ್ತ್ರಿಗಳು. ದೇಶದ ತುಂಬ ಇರೋರು.”

“ನಿಂಗ ಗುರುತದೇನು ಒಬ್ಬರದರ?”

“ಇಲ್ಲ.”

“ಮತ್ತ ಗುರೂಜಿ ಅಂತಾರ?” ಅವಳು ಫೋನು ಹಿಂದಿರುಗಿಸಿದಳು. “ಗುರೂಜಿ, ಎದ್ದು ಬಾವಿ ಕಡೆ ಹೋಗಿ ಎರಡ ಕೊಡ ನೀರ ತರ‍್ರಿ. ಟ್ಯಾಂಕರ್ ಬರೋದು ನಾಳಿಗಿ.”

ಏಪ್ರಿಲ್ ತಿಂಗಳ ಎರಡನೆಯ ವಾರ ಮಾಣಿಕ ಒಂದು ಟಂಟಂ ಆಟೊದಲ್ಲಿ ಮೋಟರು ಹೇರಿಕೊಂಡು ಬಂದ. ಮಾಣಿಕ ಔರಾದ ತಾಲೂಕಿನ ಚಿಂತಾಕಿಯವನು, ಅಲ್ಲಿ ಪಂಚಾಯಿತಿಯ ನೀರು ಬಿಡುವ ಕೆಲಸ. ಊರಿಗೆ ಇನ್ನೂ ನೀರಿದ್ದ ಒಂದೇ ಒಂದು ಬೋರಿನ ಮೋಟರು ಅದು.

“ಔರಾದ ಬಿಟ್ಟು ಇಷ್ಟು ದೂರ ಯಾಕ ಬಂದ್ರಿ?” ಎಂದು ಗೋರಖನಾಥ ಕೇಳಿದ.

“ಗೌಸಮಿಸ್ತ್ರಿ ಅಂಗಡಿ ನಾಲ್ಕ ದಿನಾತು ಬಂದ್ ಅದರಿ. ಎಲ್ಲೋ ಹೋಗ್ಯಾರಂತ. ಊರಾಗ ಹೆಣ್ಣಮಕ್ಕಳು ನನ್ನ ಹರದ ತಿನ್ಲತ್ತಾರ. ಜರಾ ಲಗೂನ ಮಾಡಿ ಕೊಡ್ರಿ.”

ಮಾಣಿಕ ಹೋದ ಮೇಲೆ ಗೋರಖನಾಥ ಮೋಟರು ಬಿಚ್ಚಿದ. ಒಳಗೆ ಹಸಿರು ದಾರ, ಜೋಡಿ ಗಂಟು. ಮೂರೂ ಕಡೆ ತಂತಿ ಒಂದೇ ಸಮ ಕರಕಾಗಿತ್ತು. ಅವನು ಗೌಸೋದ್ದೀನರಿಗೆ ಫೋನು ಮಾಡಿದ. ಸ್ವಿಚ್ ಆಫ್. ವಾಟ್ಸಾಪ್ ಗ್ರೂಪು ತೆರೆದ; ಐದು ದಿನಗಳ ಹಿಂದೆ ತಾನೇ ಕಳಿಸಿದ “ಎಲ್ಲರೂ ಆರಾಮ ಅದೀರಿಲ್ಲ?” ಎಂಬ ಸಂದೇಶ ಕೊನೆಯದಾಗಿತ್ತು. ಅದಕ್ಕೆ ಉತ್ತರ ಬಂದಿರಲಿಲ್ಲ.

ಅವನು ಸಂಜೆಯವರೆಗೆ ಕಾಯಬಹುದಿತ್ತು. ಊರಿನ ನೀರು ನಿಂತಿದೆ, ಕಾಯುವ ಹೊತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡು ತಂತಿ ಕತ್ತರಿಸಿ ಎಣಿಸಿದ. ತಂತಿ ಕೂರುವ ಒಂದೊಂದು ಸ್ಲಾಟಿಗೆ ಮೂವತ್ತಾರು ಸುತ್ತು ಇರಬೇಕು. ಮೂವತ್ತೊಂದು ಇದ್ದವು. ಇನ್ನೊಂದು ಸ್ಲಾಟು ಎಣಿಸಿದ. ಮೂವತ್ತೊಂದು.

ಗೌಸೋದ್ದೀನರ ಕೈ ಎಣಿಕೆ ತಪ್ಪುವ ಕೈಯಲ್ಲ. ಹಾಗಿದ್ದರೆ ಯಾಕೆ? ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಫೋಟೊ ತೆಗೆದು ಆ ದೊಡ್ಡ ಗ್ರೂಪಿಗೆ ಹಾಕಿದ. ಮೂವತ್ತಾರಕ್ಕೆ ಮೂವತ್ತೊಂದು ಸುತ್ತಿದ್ದಾರೆ, ಕಾರಣ ಏನಿರಬಹುದು ಎಂದು ಹಿಂದಿಯಲ್ಲಿ ಬರೆದ. ಬರೆದದ್ದನ್ನು ಓದಿದ. ಸಪ್ಪೆ ಅನ್ನಿಸಿತು. ಇಂಥ ಸಪ್ಪೆ ಪ್ರಶ್ನೆಗಳು ಅಲ್ಲಿ ಹತ್ತು ನಿಮಿಷದಲ್ಲಿ ಕೆಳಗೆ ಹೋಗುವುದನ್ನು ಅವನು ನೋಡಿದ್ದ. ಕೊನೆಗೆ ಒಂದು ಸಾಲು ಸೇರಿಸಿದ: ಉಳಿದ ಐದು ಸುತ್ತು ಮಿಸ್ತ್ರಿಯ ಮನೆಗೆ ಹೋಗಿರಬೇಕು.

ಹೆಸರು ಹಾಕಲಿಲ್ಲ. ಅರವತ್ತೆರಡು ಸಾವಿರದಲ್ಲಿ ಔರಾದದ ಮಿಸ್ತ್ರಿಯ ಗುರುತು ಯಾರಿಗಿದೆ?

ಅರ್ಧ ಗಂಟೆಯಲ್ಲಿ ನೂರು ನಗುವ ಮುಖ. ಸಂಜೆಗೆ ಒಂಬೈನೂರು. ಮಿಸ್ತ್ರಿಯ ಹೆಂಡತಿಗೆ ತಾಮ್ರದ ಬಳೆ ಎಂದು ಒಬ್ಬ, ತಾಮ್ರದ ಹಂಡೆ ಎಂದು ಇನ್ನೊಬ್ಬ. ಯಾವ ಊರು, ಹೆಸರು ಹೇಳು, ಯಾವ ಜಾತಿಯ ಮಂದಿ ಎಂದು ಕೆಲವರು. ಕಾರಣ ಏನಿರಬಹುದೆಂಬ ಅವನ ಪ್ರಶ್ನೆಗೆ ಇಬ್ಬರು ಉತ್ತರಿಸಿದ್ದರು, ಇಬ್ಬರದೂ ತಪ್ಪು. ಗೋರಖನಾಥ ಹೆಸರು ಹೇಳಲಿಲ್ಲ. ಆದರೆ ನಗುವ ಮುಖಗಳು ಏರುವುದನ್ನು ನೋಡುತ್ತ ಕೂತ. ಆ ಸಂಜೆ ಅವನ ಮನೆ ಖಾಲಿ ಇದೆ ಅನ್ನಿಸಲಿಲ್ಲ. ಇದನ್ನು ಅವನು ಮುಂದೆ ಎಂದೂ ತನಗೆ ಮುಚ್ಚಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ವಾಟ್ಸಾಪ್ ಗ್ರೂಪಿನಲ್ಲಿ ಬಹಳ ದಿನಗಳ ಮೇಲೆ ಒಂದು ಸಾಲು ಕಾಣಿಸಿತು. ಗೌಸೋದ್ದೀನ ಗ್ರೂಪು ಬಿಟ್ಟಿದ್ದಾರೆ ಎಂದು ಬೂದು ಅಕ್ಷರದಲ್ಲಿ ಇತ್ತು. ಅದರ ಹಿಂದೆಯೇ ನರಸಿಂಗನ ಫೋನು.

“ಗೋರಖ, ಆ ಫೋಟೊ ನಿಂದೇನು?”

ಗೋರಖನಾಥ ಕೈಯಲ್ಲಿದ್ದ ದಾರ ಕೆಳಗಿಟ್ಟ.

“ಹಸಿರು ದಾರ ಕಂಡದ ಅದರಾಗ. ಔರಾದದಾಗ ಗೊಬ್ಬರದಂಗಡಿ ಮಂದಿ, ಬಸ್ ಸ್ಟ್ಯಾಂಡ್ ಮಂದಿ, ಎಲ್ಲರ ಫೋನಿನಾಗ ತಿರಗ್ಲತ್ತದ. ಕೆಳಗ ಯಾರೋ ಬರದಾರ, ‘ನಮ್ಮ ಗೌಸಮಿಸ್ತ್ರಿ’ ಅಂತ. ನಲವತ್ತ ವರ್ಷ ದುಡದ ಮನಷ್ಯಾಗ ಕಳ್ಳ ಅನಿಸಿದೆಲ್ಲೋ.”

“ಫೋನ್ ಮಾಡಿದ್ದೆ. ಸ್ವಿಚ್ ಆಫ್ ಇತ್ತು.”

“ಎಷ್ಟ ಸಲ ಮಾಡೀದಿ?”

“ಒಂದ ಸಲ.”

“ಒಂಬೈನೂರ ಮಂದಿ ಹಲ್ಲ ಎಣಿಸ್ಲಿಕ್ಕ ಟೈಮ್ ಸಿಕ್ತು ನಿಂಗ, ಇನ್ನೊಂದ ಫೋನ್ ಮಾಡ್ಲಿಕ್ಕ ಸಿಗಲಿಲ್ಲ,” ಎಂದು ನರಸಿಂಗ ಇಟ್ಟುಬಿಟ್ಟ.

ಆ ಮಧ್ಯಾಹ್ನ ಗೋರಖನಾಥ ಅಂಗಡಿಯ ಬಾಗಿಲು ಎಳೆದುಕೊಂಡು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ಕಿತ್ತ ತಂತಿಯ ಕರಕು ಉಜ್ಜಿ ತೆಗೆದು ಅದರ ದಪ್ಪ ಅಳೆದ. ಈ ಮೋಟರಿಗೆ ೧.೩ ಮಿಲಿಮೀಟರ್ ತಂತಿ ಇರಬೇಕು. ಇದು ೧.೪ ಇತ್ತು. ಎಲ್ಲ ತಂತಿ ಕೂಡಿಸಿ ತೂಗಿದ. ಪೂರ್ತಿ ಮೂವತ್ತಾರು ಸುತ್ತಿನ ಮೋಟರಿಗೆ ಎಷ್ಟು ತಾಮ್ರ ಬೇಕೋ ಅಷ್ಟೇ ಇತ್ತು. ಸುತ್ತು ಕಡಿಮೆ, ತಂತಿ ದಪ್ಪ. ಕದ್ದವನು ಹೀಗೆ ಸುತ್ತುವುದಿಲ್ಲ. ಕರೆಂಟು ಸೊರಗಿದ ಊರಿಗೆ ತಿಳಿದ ಮಿಸ್ತ್ರಿ ಹೀಗೆ ಸುತ್ತುತ್ತಾನೆ. ಬೋರಿಗೆ ನಾಲ್ಕು ನೂರ ಹದಿನೈದು ವೋಲ್ಟ್ ಬರಬೇಕಾದಲ್ಲಿ ಮುನ್ನೂರ ಐವತ್ತು ಬಂದರೂ ಈ ಮೋಟರು ನೀರೆತ್ತುತ್ತದೆ.

ಹಾಗಾದರೆ ಸುಟ್ಟದ್ದು ಯಾಕೆ? ಮರುದಿನ ಅವನು ವೋಲ್ಟ್ ಮೀಟರು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಚಿಂತಾಕಿಗೆ ಹೋದ. ಬೋರಿನ ಹತ್ತಿರದ ಪೆಟ್ಟಿಗೆಯಲ್ಲಿ ಮೀಟರು ಹಚ್ಚಿದಾಗ ಮುಳ್ಳು ನಾಲ್ಕು ನೂರ ಮೂವತ್ತರ ಮೇಲೆ ನಿಂತಿತು.

“ಇಲ್ಲಿ ಕರೆಂಟ್ ಹಿಂಗೇ ಬರ್ತದೇನು?” ಎಂದು ಮಾಣಿಕನನ್ನು ಕೇಳಿದ.

“ಈಗ ಭಾಳ ಚಂದ ಬರ್ತದರಿ. ಮಾರ್ಚದಾಗ ಹೊಸಾ ಟಿಸಿ ಕೂಡ್ಸ್ಯಾರ, ಬರೇ ಕುಡಿಯೋ ನೀರಿಂದು.” ಮಾಣಿಕ ಕಂಬದ ಮೇಲಿನ ಬಣ್ಣ ಮಾಸದ ಟ್ರಾನ್ಸ್‌ಫಾರ್ಮರ್ ತೋರಿಸಿದ. “ಮೊದಲ ಇಲ್ಲಿ ಬಲ್ಬ ಹಚ್ಚಿದ್ರ ಚಿಮಣಿ ದೀಪ ಇದ್ದಂಗ ಇರ್ತಿತ್ತು.”

“ನಂಗ ಯಾಕ ಹೇಳಲಿಲ್ಲ ಮತ್ತ?”

“ನೀವ ಕೇಳಲೇ ಇಲ್ಲಲ್ರಿ. ಗೌಸಮಿಸ್ತ್ರಿ ಆದ್ರ ಕರೆಂಟ ಹ್ಯಾಂಗದ, ನೀರ ಎಷ್ಟ ಫೂಟಿಗದ, ಕೇಬಲ್ ಎಷ್ಟ ಉದ್ದದ, ಎಲ್ಲ ಕೇಳ್ತಾರ. ತಲಿ ತಿಂತಾರ.”

ಅಷ್ಟೇ ಆಗಿದ್ದು. ನವೆಂಬರಿನಲ್ಲಿ ಸೊರಗಿದ ಕರೆಂಟಿಗಾಗಿ ಸುತ್ತಿದ ಮೋಟರಿಗೆ ಮಾರ್ಚಿನಲ್ಲಿ ಏಕಾಏಕಿ ಪೂರ್ತಿ ಕರೆಂಟು ಬಂದಿತ್ತು. ಬರಗಾಲದಲ್ಲಿ ಊರಿಗೆ ನೀರು ಸಿಗಲೆಂದು ಕೂರಿಸಿದ ಟಿಸಿಯೇ ಮೋಟರು ಸುಟ್ಟಿತ್ತು. ಯಾರದೂ ತಪ್ಪಿರಲಿಲ್ಲ. ಗೌಸೋದ್ದೀನ ಫೋನಿನಲ್ಲಿ ಸಿಕ್ಕಿದ್ದರೆ ಅವರ ಮೊದಲ ಪ್ರಶ್ನೆಯಲ್ಲೇ ಇದು ಹೊರಬೀಳುತ್ತಿತ್ತು.

ಬಸ್ಸಿನಲ್ಲಿ ಮರಳುವಾಗ ಅವನು ಎಲ್ಲವನ್ನೂ ಬರೆದ. ತಂತಿಯ ದಪ್ಪ, ತೂಕ, ಮೊದಲಿನ ವೋಲ್ಟು, ಈಗಿನ ವೋಲ್ಟು. ನಾನು ಆಡಿದ ಮಾತು ಸುಳ್ಳು, ಆ ಮಿಸ್ತ್ರಿ ನನಗಿಂತ ತಿಳಿದವರು ಎಂದು ಕೊನೆಯಲ್ಲಿ ಬರೆದ. ಹಳೆಯ ಫೋಟೊ ಅಳಿಸಿ ಇದನ್ನು ಹಾಕಿದ. ಎರಡು ದಿನಕ್ಕೆ ಹದಿನಾಲ್ಕು ಹೆಬ್ಬೆರಳು ಬಂದವು. “ಅಣ್ಣಾ, ಇಷ್ಟುದ್ದ ಯಾರು ಓದ್ತಾರೆ, ಬಳೆ ಫೋಟೊ ಇದ್ದರೆ ಹಾಕು” ಎಂದು ಒಬ್ಬ ಬರೆದಿದ್ದ. ಇವನು ಅಳಿಸಿದ ಫೋಟೊ ಅಷ್ಟರಲ್ಲಿ ಬೇರೆ ನಾಲ್ಕು ಗ್ರೂಪುಗಳಲ್ಲಿ ಇತ್ತು.

ಗೌಸೋದ್ದೀನರಿಗೆ ಈಗ ದಿನಕ್ಕೆ ಮೂರು ಸಲ ಫೋನು ಮಾಡಿದ. ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಶನಿವಾರ ಬಂದ ಗಿರಿಜಾಬಾಯಿ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ರೊಟ್ಟಿ ತಟ್ಟುತ್ತ ಮಾತಾಡಿದಳು.

“ನಾ ಅಡಗಿ ಕೆಡಿಸಿದ್ರ ಹಾಸ್ಟೆಲ್ ಹುಡಗ್ಯಾರು ಅಡಗಿಮನಿಗೆ ಬಂದು ಹೇಳ್ತಾರ, ‘ಆಯಿ, ಇವತ್ತ ಉಪ್ಪ ಜಾಸ್ತಿ ಆಗ್ಯದ.’ ನಂಗ ಸಿಟ್ಟ ಬರಂಗಿಲ್ಲ. ಅದೇ ಮಾತ ಊಟದ ಹಾಲಿನಾಗ ನಿಂತು ಕೂಗಿದ್ರ, ಮರದಿವಸ ನಾ ಅಲ್ಲಿ ಬಡಸ್ಲಿಕ್ಕ ಹೋಗಂಗಿಲ್ಲ.”

“ಏನ್ ಮಾಡ್ಲಿ ಈಗ?”

“ಫೋನಿನಾಗ ಏನ್ ಸಿಗ್ತದ? ಹೋಗು. ಮನಿ ಗೊತ್ತದಲ್ಲ.”

ಅವನು ಹೋಗುವಷ್ಟರಲ್ಲಿ ಮೇ ಹಿಡಿದಿತ್ತು. ಚಿಂತಾಕಿಯ ಮೋಟರನ್ನು ಸುತ್ತಿ ಮುಗಿಸಿ, ತನ್ನ ಎಣಿಕೆಯ ಮೇಲೇ ನಂಬಿಕೆ ಸಾಲದೆ ಒಂದು ಸಲ ಬಿಚ್ಚಿ, ಮತ್ತೆ ಸುತ್ತಿದ್ದ. ಅಷ್ಟರವರೆಗೆ ಊರಿಗೆ ಟ್ಯಾಂಕರು ಬರುತ್ತಿತ್ತು, ಮಾಣಿಕ ದಿನಾ ಬಯ್ಯುತ್ತಿದ್ದ. ಮೋಟರು ತಲುಪಿಸುವ ದಿನ ಅದನ್ನು ಟಂಟಂನಲ್ಲಿ ಮಾಣಿಕನ ಜೊತೆ ಮುಂದೆ ಕಳಿಸಿ, ತಾನು ಬಸ್ಸಿನಲ್ಲಿ ಬಂದು ಔರಾದದಲ್ಲಿ ಇಳಿದ.

ಗೌಸೋದ್ದೀನರ ಮನೆ ಅಂಗಡಿಯ ಹಿಂದೆಯೇ. ಅಂಗಡಿಯ ಬಾಗಿಲು ತೆರೆದಿತ್ತು, ಒಳಗೆ ಮೇಜು ಖಾಲಿ. ಸುತ್ತುವ ಮಿಶನ್ನನ್ನು ಗೋಣಿಚೀಲದಲ್ಲಿ ಹೊಲಿದಿಟ್ಟಿದ್ದರು. ಅವರ ಹೆಂಡತಿ ಅನ್ವರಿ ಬೇಗಂ ಬಾಗಿಲಿಗೆ ಬಂದು ಅವನನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಒಳಗೆ ಹೋಗಿ ಹಿತ್ತಾಳೆಯ ಲೋಟದಲ್ಲಿ ನೀರು ತಂದಿಟ್ಟರು.

“ನಮ್ದು ರೋಜಾ ಉಪಾಸ. ನೀವ ಕುಡೀರಿ. ಬಿಸಲಾಗ ಬಂದೀರಿ.”

ಬೇಡ ಅಂದರೆ ಅದು ಇನ್ನೊಂದು ತಪ್ಪಾದೀತು ಎಂದು ಪೂರ್ತಿ ಕುಡಿದ.

ಗೌಸೋದ್ದೀನ ಒಳಗಿನಿಂದ ಬಂದು ಎದುರು ಕೂತರು. ತೆಳ್ಳಗಾಗಿದ್ದರು. “ಬಸ್ಸಿನಾಗ ಸೀಟ್ ಸಿಕ್ತೇನು?” ಎಂದು ಕೇಳಿದರು.

“ಸಿಕ್ತು ಭಾಯಿ.” ಗೋರಖನಾಥ ನೆಲ ನೋಡುತ್ತ ಅಂದ, “ತಪ್ಪಾತು.”

“ಏನ್ ತಪ್ಪಾತು, ಹೇಳು.”

“ತಂತಿ ದಪ್ಪ ನೋಡಲಿಲ್ಲ. ಊರು ಕೇಳಲಿಲ್ಲ. ಹೊಸಾ ಟಿಸಿ ಬಂದಿತ್ತು, ವೋಲ್ಟೇಜ್ ನಾಲ್ಕನೂರ ಮೂವತ್ತದ. ನೀವ್ ಸುತ್ತಿದ್ದು ಬರೋಬರ್ ಇತ್ತು.”

“ಟಿಸಿ ಬಂತೇನು?” ಗೌಸೋದ್ದೀನರ ಮುಖ ಒಂದು ಕ್ಷಣ ಮೊದಲಿನಂತಾಯಿತು. “ನೋಡು, ನಾನೂ ಅದೇ ತಲಿ ಕೆಡಿಸ್ಕೊಂಡಿದ್ದೆ, ಮೂರೂ ಫೇಜ್ ಒಂದೇ ಸಮ ಹ್ಯಾಂಗ ಸುಟ್ಟಾವಂತ. ಫೋಟೊದಾಗ ನೋಡೀನಿ.” ಫೋಟೊ ಎಂಬ ಮಾತು ಬಂದದ್ದೇ ಗೋರಖನಾಥ ಖಾಲಿ ಲೋಟ ಪಕ್ಕಕ್ಕೆ ಸರಿಸಿದ.

“ಇವೆಲ್ಲ ಕೆಲಸದ ತಪ್ಪು ಗೋರಖ,” ಎಂದು ಅವರು ನಿಧಾನವಾಗಿ ಅಂದರು. “ಕೆಲಸದ ತಪ್ಪ ನಾನೂ ಮಾಡೀನಿ, ನೀವೆಲ್ಲ ತಿದ್ದೀರಿ. ಗೌಸಭಾಯಿ ತಾಮ್ರ ಕದ್ದಾನಂತ ನಮ್ಮ ಗ್ರೂಪಿನಾಗ ಅಂದಿದ್ದೆಂದ್ರ ಎಲ್ಲರಗಿಂತ ಮೊದಲ ನಾನೇ ನಗ್ತಿದ್ದೆ. ಅಲ್ಲಿ ಯಾಕ ಅಂದಿ? ಯಾರಿಗೆ ನಗಿಸ್ಲಿಕ್ಕ?”

“ಯಾರೂ ಮಾತಾಡ್ತಿರಲಿಲ್ಲ ಭಾಯಿ. ಐದ ದಿನದಿಂದ ಗ್ರೂಪಿನಾಗ ಯಾರೂ ಉಸರಿರಲಿಲ್ಲ.”

“ನನ್ನ ಕೂಡಾನೂ ಯಾರೂ ಮಾತಾಡ್ತಿರಲಿಲ್ಲ.”

ಗೋರಖನಾಥನಿಗೆ ಇದು ಹೊಳೆದೇ ಇರಲಿಲ್ಲ. ಎಲ್ಲರ ಪ್ರಶ್ನೆಗೂ ಉತ್ತರ ಕೊಡುವ ಮನುಷ್ಯನಿಗೆ ಕೇಳುವವರಿಲ್ಲದಾಗ ಏನಾಗುತ್ತದೆ ಎಂದು ಅವನು ಎಣಿಸಿರಲಿಲ್ಲ.

“ಆವತ್ತ ಹೈದ್ರಾಬಾದಕ ಹೋಗಿದ್ದೆ, ಕೆಲಸ ನೋಡ್ಲಿಕ್ಕ,” ಎಂದು ಗೌಸೋದ್ದೀನ ಮುಂದುವರಿಸಿದರು. “ಫೋನ್ ಸತ್ತಿತ್ತು. ಸಂಜೀಕ ಚಾಲೂ ಮಾಡಿದಾಗ ನೀ ಫೋನ್ ಹಚ್ಚಿದ್ದು ಗೊತ್ತಾತು. ಖುಷಿ ಆಗಿತ್ತು ನಂಗ. ಬಸ್ಸಿನಾಗ ಗದ್ದಲದ, ನಾಳಿ ಶಾಂತದಿಂದ ಮಾತಾಡಿದ್ರಾತು ಅಂದ್ಕೊಂಡೆ.”

ಹೊರಗೆ ಯಾರೋ ಸೈಕಲ್ಲಿನಿಂದ, “ಮಿಸ್ತ್ರಿ, ಯಾವಾಗ ಹೊಂಟ್ರಿ?” ಎಂದು ಕೇಳಿದರು. “ಐತವಾರ,” ಎಂದು ಗೌಸೋದ್ದೀನ ಕೂಗಿದರು.

“ನನ್ನ ಸಲುವಾಗಿ ಹೊಂಟೀರೇನು?” ಗೋರಖನಾಥ ಕೇಳಿದ.

“ಅಷ್ಟ ದೊಡ್ಡಾಂವ ಆಗಬ್ಯಾಡ. ಕೆಲಸ ಇಲ್ಲ, ಹೊಂಟೀನಿ. ನೀ ಫೋಟೊ ಹಾಕೋ ಮೊದಲೇ ಕಾರಖಾನೆ ಗೊತ್ತ ಮಾಡೀನಿ.” ಅವರು ಗೋಣಿಚೀಲದ ಹೊಲಿಗೆಯನ್ನು ಬೆರಳಿಂದ ಮುಟ್ಟಿ ನೋಡಿದರು. “ಆದ್ರ ಈಗ ಹೋದ್ರ ಮಂದಿ ಏನಂತಾರ? ನೀರಿಲ್ಲಂತ ಹೋದ ಅನ್ನಂಗಿಲ್ಲ. ಕಳ್ಳತನ ಬೈಲಿಗೆ ಬಿತ್ತು, ಊರ ಬಿಟ್ಟ ಅಂತಾರ. ನಾ ಇದ್ದಿದ್ರ ದಿನಾ ಎದುರಿಗೆ ಕೂತು ಸುಳ್ಳ ಮಾಡ್ತಿದ್ದೆ. ಇಲ್ದೇ ಇರೋರು ಹ್ಯಾಂಗ ಸುಳ್ಳ ಮಾಡ್ಬೇಕು?”

“ಅಲ್ಲಿ ಬರದೀನಿ ಭಾಯಿ, ನಂದೇ ತಪ್ಪಂತ.”

“ಓದೀನಿ. ಹದಿನಾಕ ಮಂದಿ ಓದ್ಯಾರ. ಆ ಅರವತ್ತ ಸಾವಿರ ಮಂದಿ ಕೂಡ ನಂದೇನದ? ಅವರಿಗೆ ಮರದಿವಸ ಇನ್ನೊಬ್ಬ ಸಿಕ್ಕಾನ.”

“ನಮ್ಮ ಗ್ರೂಪಿಗೆ ಆದ್ರೂ ತಿರುಗಿ ಬರ‍್ರಿ.”

ಗೌಸೋದ್ದೀನ ತಲೆ ಆಡಿಸಿದರು. ಸಿಟ್ಟಿರಲಿಲ್ಲ. “ಇಲ್ಲ. ಮನಸಿನಾಗ ಏನೂ ಇಟ್ಕೊಂಡಿಲ್ಲ ನಾ. ಆದ್ರ ಅಲ್ಲಿ ಮಾತಾಡುಮುಂದ ಇನ್ನ ಮ್ಯಾಲ ತೂಗಿ ತೂಗಿ ಮಾತಾಡ್ತೇನಿ, ಇದ ಎಲ್ಲಿ ಹೋಗ್ತದೋ ಅಂತ. ಹಂಗ ಮಾತಾಡ್ಲಿಕ್ಕ ನಂಗ ಬರಂಗಿಲ್ಲ.”

ಅವರು ಬಾಗಿಲ ತನಕ ಬಂದರು. ರಸ್ತೆಯಲ್ಲಿ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಗೋರಖನಾಥ ಅವರ ಕೈ ಹಿಡಿದುಕೊಂಡ. ಗೌಸೋದ್ದೀನ ಸ್ವಲ್ಪ ಹೊತ್ತು ಹಿಡಿಯಲು ಬಿಟ್ಟು ಬಿಡಿಸಿಕೊಂಡರು.

ಅಲ್ಲಿಂದ ಅವನು ಚಿಂತಾಕಿ ತಲುಪಿದಾಗ ಮೋಟರು ಇಳಿಸಲು ನಾಲ್ಕು ಮಂದಿ ಕಾದಿದ್ದರು. ಕೊಳವೆ ಒಂದೊಂದಾಗಿ ಜೋಡಿಸಿ ಇಳಿಬಿಡುವಷ್ಟರಲ್ಲಿ ಸಂಜೆಯಾಯಿತು. ನೀರಿನ ಟಾಕಿಯ ಸುತ್ತ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೊಡ ಇಟ್ಟುಕೊಂಡು ಕೂತಿದ್ದರು, ಕೆಲವು ಗಂಡಸರೂ ಇದ್ದರು. ಅರ್ಧ ಊರು ಪುಣೆ, ಹೈದರಾಬಾದು ಸೇರಿದ್ದರಿಂದ ಉಳಿದವರೇ ಇಷ್ಟು. ಗೋರಖನಾಥ ಗುಂಡಿ ಒತ್ತುವ ಮೊದಲು ಎದ್ದು ನಿಂತ. ಹೀಗೆ ಜನರ ನಡುವೆ ನಿಂತು ಅವನು ಎಂದೂ ಮಾತಾಡಿದವನಲ್ಲ.

“ಒಂದ ಮಾತ ಹೇಳೂದದರಿ,” ಎಂದ. ದನಿ ಸಣ್ಣಗಿತ್ತು. “ಈ ಮೋಟರ್ ಮೊದಲ ಗೌಸೋದ್ದೀನ ಮಿಸ್ತ್ರಿ ಸುತ್ತಿದ್ದರು. ಅವರು ತಾಮ್ರ ಹೊಡದಾರಂತ ಒಂದ ಫೋಟೊ ಬಂದದ ನಿಮ್ಮ ಫೋನಿಗೆ. ಅದ ಹಾಕಿದಾಂವ ನಾನೇ. ಅದು ಸುಳ್ಳದ. ನಾನೇ ತೂಗೀನಿ, ತಾಮ್ರ ಬರೋಬರ್ ಇತ್ತು. ನಿಮ್ಮ ಊರಿಗೆ ಕರೆಂಟ ಕಮ್ಮಿ ಇತ್ತಂತ ಅವರು ತಿಳದು ಹಂಗ ಸುತ್ತಿದ್ದರು. ಹೊಸಾ ಟಿಸಿ ಬಂದು ಸುಟ್ಟದ. ಅವರ ತಪ್ಪ ಏನೂ ಇಲ್ಲ.”

ಹಿಂದಿನ ಸಾಲಿನಿಂದ ಒಬ್ಬಳು, “ನೀರ ಯಾವಾಗ ಬಿಡ್ತೀರಿ ಅದ ಹೇಳ್ರಿ ಮೊದಲ,” ಅಂದಳು. ಕೆಲವರು ನಕ್ಕರು. ಗೋರಖನಾಥ ಕೂರಲಿಲ್ಲ.

“ತಿಳೀತಲ್ಲ ನಿಮಗ?” ಎಂದು ಮತ್ತೆ ಕೇಳಿದ. “ಯಾರರ ಕೇಳಿದ್ರ ಹಿಂಗ ಹೇಳ್ಬೇಕು. ಅವರು ಕಳ್ಳತನಕ ಊರ ಬಿಡಲತ್ತಿಲ್ಲ. ಕೆಲಸ ಇಲ್ಲಂತ ಹೊಂಟಾರ.”

ಮುಂದೆ ಕೂತ ಕೇಶರಬಾಯಿ ಎಂಬ ಮುದುಕಿ ಅವನನ್ನೇ ನೋಡುತ್ತಿದ್ದಳು. ಅವಳ ಇಬ್ಬರೂ ಸೊಸೆಯಂದಿರು ಹೈದರಾಬಾದಿನಲ್ಲಿ ಕಲ್ಲು ಹೊರುತ್ತಿದ್ದರು.

“ನಮಗ್ಯಾಕ ಹೇಳ್ತೀಯಪ್ಪಾ? ಅವರಿಗೆ ಹೇಳೀಯಿಲ್ಲ?” ಎಂದಳು.

“ಹೇಳೀನವ್ವಾ. ಅಲ್ಲಿಂದೇ ಬಂದೀನಿ.”

“ಏನಂದ್ರು?”

ಅವಳಿಗೆ ತಪ್ಪು ಉತ್ತರ ಕೊಡಬಾರದೆಂದು ಗೋರಖನಾಥನಿಗೆ ಇತ್ತು.

“ಮನಸಿನಾಗ ಏನೂ ಇಲ್ಲಂದ್ರು. ಆದ್ರ ಇನ್ನ ನನ್ನ ಕೂಡ ಮೊದಲಿನಂಗ ಮಾತಾಡ್ಲಿಕ್ಕ ಬರಂಗಿಲ್ಲಂದ್ರು.”

ಮುದುಕಿ ಹೂಂಗುಟ್ಟಿ ಕೊಡವನ್ನು ನಳದ ಕೆಳಗೆ ಸರಿಸಿದಳು. “ಐತವಾರ ನಮ್ಮ ಮಂದಿ ಔರಾದ ಬಾಜಾರಕ ಹೋಗ್ತಾರ,” ಎಂದಳು. “ಹೇಳ್ತಾರ ಅಲ್ಲಿ. ಈಗ ನೀರ ಬಿಡು.”

ಅವನು ಗುಂಡಿ ಒತ್ತಿದ. ಕೊಳವೆಯೊಳಗೆ ಗಾಳಿ ಸದ್ದು ಮಾಡಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಮೀಟರು ನೋಡಿದ, ಕರೆಂಟು ಹಿಡಿತದಲ್ಲಿತ್ತು. ಹೆಂಗಸರು ಗದ್ದಲ ಮಾಡುತ್ತ ಮುಂದೆ ಬಂದರು, ಮಾಣಿಕ ಸಾಲು ಮಾಡಿಸಲು ಓಡಾಡತೊಡಗಿದ. ಕೊನೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಗೋರಖನಾಥ ಬೋರಿನ ಕಟ್ಟೆಯ ಮೇಲೆ ಕೂತು, ಮೋಟರಿನ ಸದ್ದು ಎಲ್ಲಾದರೂ ಬದಲಾಗುತ್ತದೆಯೇ ಎಂದು ಕೇಳುತ್ತಿದ್ದ.